ಪುಟ್ಟ ಮಗುವಿಗೆ ಮೀನು ಶುರು ಮಾಡುವಾಗ

ಮಗುವಿಗೆ 6 ತಿಂಗಳು ತುಂಬಿ ಗಂಜಿ, ತರಕಾರಿ ರೂಢಿಯಾಗಿದ್ದರೆ ಮೀನನ್ನೂ ಕೊಡಬಹುದು. ವರ್ಷ ತುಂಬಲಿ ಅಂತ ಸುಮ್ನೆ ಕಾಯಬೇಕಾಗಿಲ್ಲ. ಮಗುವಿಗೆ ಮೈಮೇಲೆ ಇಸುಬು ಜಾಸ್ತಿ ಇದ್ದರೆ, ಅಥವಾ ಬೇರೆ ಯಾವುದಾದರೂ ಆಹಾರ ಆಗಿಬರದಿದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ.

ಕೊಡಗಿಗೆ ಕಡಲ ಮೀನು ಘಟ್ಟ ಹತ್ತಿಯೇ ಬರಬೇಕು ಅಲ್ವಾ, ಹಾಗಾಗಿ ತಾಜಾ ಇದೆಯಾ ಅಂತ ನೋಡುವುದೇ ಮುಖ್ಯ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯಬಾರದು. ಜೂನ್, ಜುಲೈಯಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ತಾಜಾ ಮೀನು ಸಿಗುವುದು ಕಡಿಮೆ, ಆಗ ಸ್ವಲ್ಪ ಅನುಮಾನ ಬಂದರೂ ಮಗುವಿಗೆ ಬೇಡ. ಕೆರೆಯ ಕಟ್ಲಾ, ರೋಹು ತಾಜಾ ಸಿಕ್ಕರೆ ಒಳ್ಳೆಯದೇ, ಆದರೆ ಸಣ್ಣ ಮುಳ್ಳು ಜಾಸ್ತಿ. ಶುರುವಿಗೆ ಕಾಣೆ ಮೀನು ನನಗೆ ಇಷ್ಟ, ಮಾಂಸ ಮೆತ್ತಗೆ, ಮುಳ್ಳು ಬಿಡಿಸುವುದು ಸುಲಭ. ಶಾರ್ಕ್‌ನಂಥ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚಿರುತ್ತದೆ, ಅದು ಬೇಡ.

ಉಪ್ಪು, ಖಾರ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಯಾವುದೂ ಹಾಕದೆ ಹಬೆಯಲ್ಲಿ ಚೆನ್ನಾಗಿ ಬೇಯಿಸಿ. ಆಮೇಲೆ ಬೆರಳಲ್ಲೇ ಹಿಚುಕುತ್ತಾ ಮುಳ್ಳು ಹುಡುಕಿ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಗಂಜಿಗೆ ಕಲಸಿ ಮೊದಲ ದಿನ ಕಾಲು ಟೀ ಚಮಚ ಸಾಕು. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಅದು ಬೇಡವೇ ಬೇಡ.

ಅಲರ್ಜಿ ಆದರೆ ಹಗಲಲ್ಲೇ ಗೊತ್ತಾಗಲಿ, ಬೆಳಿಗ್ಗೆಯೇ ಕೊಡಿ. ತೋಟದ ಮನೆಯಿಂದ ಆಸ್ಪತ್ರೆ ದೂರ ಇದ್ದರೆ ಮನೆಯಲ್ಲಿ ವಾಹನ ಇರುವ ದಿನವೇ ಕೊಡಿ. ಅವತ್ತು ಬೇರೆ ಹೊಸ ಆಹಾರ ಬೇಡ. ಮೈಮೇಲೆ ದದ್ದು ಎದ್ದರೆ ಅಥವಾ ವಾಂತಿಯಾದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ತುಟಿ, ನಾಲಿಗೆ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಅಥವಾ ಮಗು ಸುಸ್ತಾಗಿ ಬಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ.