ಚುನಾವಣಾ ಬಾಂಡ್: ಯಾರ ದುಡ್ಡು ಯಾವ ಪಕ್ಷಕ್ಕೆ ಹೋಯಿತು ಅಂತ ನೀವೇ ನೋಡುವುದು ಹೇಗೆ?

ದಿನಾ ಅಂಗಡಿಗಳ ಲೆಕ್ಕ ತಾಳೆ ನೋಡುವುದೇ ನನ್ನ ಕೆಲಸ. ಹಾಗಾಗಿ ಟಿವಿ ಚರ್ಚೆಗಿಂತ ಪಟ್ಟಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಎಕ್ಸೆಲ್ ಬಂದರೆ ನೀವೂ ನೋಡಬಹುದು.

ಚುನಾವಣಾ ಬಾಂಡ್ ಅಂದರೆ ಬ್ಯಾಂಕಿನಲ್ಲಿ ಕೊಂಡು, ಹೆಸರು ಬಹಿರಂಗವಾಗದಂತೆ ಪಕ್ಷಕ್ಕೆ ಕೊಡುತ್ತಿದ್ದ ದೇಣಿಗೆ ಪತ್ರ. 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ಆ ಯೋಜನೆಯನ್ನೇ ರದ್ದು ಮಾಡಿತು. ಮಾರ್ಚ್ 14ಕ್ಕೆ ಚುನಾವಣಾ ಆಯೋಗ ಹಾಕಿದ ಪಟ್ಟಿಯಲ್ಲಿ ಬಾಂಡ್ ನಂಬರೇ ಇಲ್ಲ. ಅದನ್ನು ಬಿಡಿ. ಕೋರ್ಟ್ ಮತ್ತೆ ಗದರಿದ ಮೇಲೆ ಮಾರ್ಚ್ 21ಕ್ಕೆ ಬಂದದ್ದನ್ನು ಆಯೋಗದ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಎರಡು ಪಿಡಿಎಫ್: ಕೊಂಡವರದ್ದು ಒಂದು, ನಗದು ಮಾಡಿಸಿಕೊಂಡ ಪಕ್ಷಗಳದ್ದು ಇನ್ನೊಂದು. ಎರಡನ್ನೂ ಎಕ್ಸೆಲ್‌ಗೆ ತನ್ನಿ.

ಬಾಂಡ್ ನಂಬರಿಗಿಂತ ಮೊದಲು ಎರಡಕ್ಷರದ ಪ್ರಿಫಿಕ್ಸ್ ಕಾಲಂ ಇದೆ. ಓಸಿ ಅಂದರೆ 1 ಕೋಟಿ, ಟಿಎಲ್ ಅಂದರೆ 10 ಲಕ್ಷ, ಓಎಲ್ ಅಂದರೆ 1 ಲಕ್ಷ. ಬರೀ ನಂಬರ್ ಹಿಡಿದು ಹುಡುಕಿದರೆ ಒಬ್ಬರ ಲಕ್ಷ ಇನ್ನೊಬ್ಬರ ಕೋಟಿಗೆ ಅಂಟಿಕೊಳ್ಳುತ್ತದೆ. ಅಕ್ಷರ, ನಂಬರ್ ಎರಡನ್ನೂ ಸೇರಿಸಿ ಹೊಸ ಕಾಲಂ ಮಾಡಿ. ಖಾಲಿ ಜಾಗ ಉಳಿದಿದ್ದರೆ ತೆಗೆಯಿರಿ. ಆಮೇಲೆ ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕಿ ತರುವ ವಿಲುಕಪ್ (VLOOKUP) ಸೂತ್ರ ಹಾಕಿದರೆ ಕೊಂಡವರ ಹೆಸರಿನ ಪಕ್ಕ ಪಕ್ಷದ ಹೆಸರು ಬಂದು ಕೂರುತ್ತದೆ.

ಮೊದಲು ಫ್ಯೂಚರ್ ಗೇಮಿಂಗ್ ಫಿಲ್ಟರ್ ಮಾಡಿ. ಲಾಟರಿ ಕಂಪನಿ, 1,368 ಕೋಟಿ ಕೊಟ್ಟು ಮೊದಲ ಸ್ಥಾನದಲ್ಲಿದೆ. ಹೆಚ್ಚಿನ ಪಾಲು ಟಿಎಂಸಿ, ಡಿಎಂಕೆಗೆ. ಈಗ ತಾರೀಖು ನೋಡಿ. 2022ರ ಏಪ್ರಿಲ್ 2ಕ್ಕೆ ಇಡಿ ಅವರ ಸುಮಾರು 409 ಕೋಟಿ ಆಸ್ತಿ ಜಪ್ತಿ ಮಾಡಿತ್ತು. ಏಪ್ರಿಲ್ 7ಕ್ಕೆ ಕಂಪನಿ 100 ಕೋಟಿಯ ಬಾಂಡ್ ಕೊಂಡಿತು. ಯಾರಿಗೆ ಹೋಯಿತು ಅನ್ನುವುದು ನಿಮ್ಮ ಶೀಟಿನಲ್ಲೇ ಇದೆ. ಇದನ್ನೇ ಲಂಚ ಅನ್ನಬೇಡಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿರಬಹುದು, ಅಲ್ವಾ? ಟೆಂಡರ್, ದಾಳಿ, ಕಾಯ್ದೆ ತಿದ್ದುಪಡಿಯ ತಾರೀಖುಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಕಂಪನಿಯ ಲಾಭವನ್ನೂ ನೋಡಿ. ಹಿಂದೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 7.5% ಮಾತ್ರ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ತೆಗೆದರು. ಗಳಿಸಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಆ ದುಡ್ಡು ಬೇರೆಲ್ಲಿಂದಲೋ ಬಂದಿದೆ ಅಂತಲೇ ನಾನು ಅನುಮಾನ ಪಡುತ್ತೇನೆ.

ಕೆಲವು ಸಾಲು ತಾಳೆಯಾಗುವುದಿಲ್ಲ. ಗಾಬರಿ ಬೇಡ. ಕೊಂಡವರ ಪಟ್ಟಿಯಲ್ಲಿ 18,871 ಸಾಲು, ಪಕ್ಷಗಳದ್ದರಲ್ಲಿ 20,421. ಪಟ್ಟಿ ಶುರುವಾಗುವುದೇ 2019ರ ಏಪ್ರಿಲ್ 12ರಿಂದ. ಅದಕ್ಕೂ ಮೊದಲು ಕೊಂಡವರ ಹೆಸರು ಬೇಕಾದರೆ ಪಕ್ಷಗಳೇ ಆಯೋಗಕ್ಕೆ ಬರೆದುಕೊಟ್ಟದ್ದನ್ನು ನೋಡಿ. ನಮ್ಮ ಜೆಡಿಎಸ್ ತನಗೆ ಬಂದ 89.75 ಕೋಟಿಯಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಕಂಪನಿಯದು ಅಂತ ಹೆಸರು ಹಾಕಿಯೇ ತಿಳಿಸಿದೆ. ದೊಡ್ಡ ಪಕ್ಷಗಳಲ್ಲಿ ಬಿಜೆಪಿ, ಕಾಂಗ್ರೆಸ್ ಎರಡೂ ಹೆಸರು ಕೊಟ್ಟಿಲ್ಲ.