ಒಂದೇ ಪ್ರಶ್ನೆ ಹಿಡಿದು ಹೊಲಕ್ಕೆ ಹೋಗಿ

ಶಾಲೆಯಿಂದ ಹೊಲಕ್ಕೆ ಹೋಗಿಬಂದ ಮಕ್ಕಳನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ ಹಸು, ಕೋಳಿ, ಟ್ರ್ಯಾಕ್ಟರ್ ಎಂದು ಪಟ್ಟಿ ಒಪ್ಪಿಸುತ್ತಾರೆ. ತಪ್ಪು ಅವರದಲ್ಲ. ಅರ್ಧ ದಿನದಲ್ಲಿ ಎಲ್ಲವನ್ನೂ ತೋರಿಸಿಬಿಡಬೇಕೆಂಬ ನಮ್ಮ ಆತುರದ್ದು. ಆದ್ದರಿಂದ ಬಸ್ಸು ಗೊತ್ತುಮಾಡುವ ಮೊದಲೇ ಒಂದು ಪ್ರಶ್ನೆ ಗೊತ್ತುಮಾಡಿಕೊಳ್ಳಿ.

‘ಹಾಲು ಎಲ್ಲಿಂದ ಬರುತ್ತದೆ?’ ಎಂಬುದು ಸಾಲದು, ಉತ್ತರ ಮಕ್ಕಳಿಗೆ ಮೊದಲೇ ಗೊತ್ತು. ‘ಹಸು ವರ್ಷವಿಡೀ ಹಾಲು ಕೊಡುತ್ತದೆಯೇ?’ ಎಂದು ಕೇಳಿ ನೋಡಿ. ಕರು ಹಾಕದೆ ಹಾಲಿಲ್ಲ, ಗಬ್ಬದ ಅವಧಿ ಸುಮಾರು 280 ದಿನ, ಮುಂದಿನ ಕರುವಿಗೆ ಇನ್ನೆರಡು ತಿಂಗಳಿರುವಾಗ ಸಾಮಾನ್ಯವಾಗಿ ಹಾಲು ಬತ್ತಿಸುತ್ತಾರೆ. ಕರುವಿನಿಂದ ಮೇವಿಗೆ, ಮೇವಿನಿಂದ ಮಣ್ಣಿಗೆ, ಮಣ್ಣಿನಿಂದ ಸಗಣಿ ಗೊಬ್ಬರಕ್ಕೆ ಅದೇ ಪ್ರಶ್ನೆ ಮಕ್ಕಳನ್ನು ಕರೆದೊಯ್ಯುತ್ತದೆ.

ಮೊದಲು ಶಿಕ್ಷಕರೇ ಹೋಗಿಬರಬೇಕು. ಫೋನಿನಲ್ಲಿ ಮಾತಾಡಿದರೆ ಆಗದು. ರೈತರೊಂದಿಗೆ ಒಂದು ಸುತ್ತು ನಡೆದು, ಆ ವಾರ ಯಾವ ಕೆಲಸ ನಡೆಯುತ್ತಿರುತ್ತದೆ, ಹಾಲು ಕರೆಯುವುದು ಎಷ್ಟು ಹೊತ್ತಿಗೆ ಎಂದು ಕೇಳಿ. ಕೆಲಸದ ಹೊತ್ತಿಗೆ ನಾವು ಹೊಂದಿಕೊಳ್ಳಬೇಕು. ನಮಗಾಗಿ ಹಸು ಕಾಯುವುದಿಲ್ಲ. ಬಾವಿ, ಸಗಣಿ ಗುಂಡಿ, ವಿದ್ಯುತ್ ಬೇಲಿ, ಯಂತ್ರ ನಿಲ್ಲಿಸುವ ಜಾಗ, ಔಷಧಿ ಇಡುವ ಕೋಣೆ ಎಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಕೀಟನಾಶಕ ಸಿಂಪಡಿಸಿದ ತಾಕಿಗೆ ಎಷ್ಟು ಸಮಯ ಕಾಲಿಡಬಾರದೆಂದು ಅದರ ಲೇಬಲ್ಲಿನಲ್ಲಿ ಬರೆದಿದ್ದರೆ ಅದನ್ನು ಮೀರಬೇಡಿ. ಶೌಚಾಲಯ, ಕೈ ತೊಳೆಯುವ ನಲ್ಲಿ ಇಲ್ಲದಿದ್ದರೆ ಬೇರೆ ಹೊಲ ಹುಡುಕಿ.

ಇನ್ನೊಂದು ಮಾತನ್ನೂ ಆಗಲೇ ಆಡಿಕೊಳ್ಳಿ. ‘ಗಂಡು ಕರು ಏನಾಗುತ್ತದೆ?’ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಯಾರು, ಎಷ್ಟು ಹೇಳಬೇಕೆಂದು ನಿರ್ಧರಿಸಿಕೊಂಡಿರಿ. ನನ್ನ ಮಟ್ಟಿಗೆ, ಮಗುವಿನ ವಯಸ್ಸಿಗೆ ತಕ್ಕ ನಿಜವನ್ನೇ ಹೇಳುವುದು ಮೇಲು.

ಪೋಷಕರಿಗೆ ಕಳಿಸುವ ಪತ್ರದಲ್ಲಿ ಆಸ್ತಮಾ, ಜೇನ್ನೊಣದ ಕಡಿತ ಮತ್ತು ಆಹಾರದ ಅಲರ್ಜಿ ಬಗ್ಗೆ ಕೇಳಿ. ಬೆರಳು ಮುಚ್ಚುವ ಶೂ, ಕೊಳೆಯಾದರೂ ಚಿಂತೆಯಿಲ್ಲದ ಬಟ್ಟೆ ಇರಲಿ. ಎಂಟು–ಹತ್ತು ಮಕ್ಕಳಿಗೊಬ್ಬ ದೊಡ್ಡವರಿದ್ದರೆ ಸಂಭಾಳಿಸಬಹುದು. ಪುಟ್ಟ ಮಕ್ಕಳಾದರೆ ಗುಂಪು ಇನ್ನೂ ಚಿಕ್ಕದಿರಲಿ.

ಕೊಟ್ಟಿಗೆಯಲ್ಲಿ ಭಾಷಣ ಬೇಡ. ಹಸುವಿನ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ನೇರ ಹಿಂಭಾಗವೊಂದು ಕಾಣದು. ಹಾಗಾಗಿ ಭುಜದ ಕಡೆಯಿಂದ, ಮೆಲ್ಲಗೆ ಮಾತಾಡುತ್ತ ಹತ್ತಿರ ಹೋಗಬೇಕು. ಮಲಗಿ ಮೆಲುಕು ಹಾಕುತ್ತಿರುವ ಹಸುವಿನ ಎದುರು ಮಕ್ಕಳನ್ನು ಕೂರಿಸಿ. ಕತ್ತನ್ನೇ ನೋಡುತ್ತಿದ್ದರೆ ಉಂಡೆಯೊಂದು ಗಂಟಲಲ್ಲಿ ಮೇಲೆ ಬರುವುದು ಕಾಣುತ್ತದೆ. ಅದನ್ನು ಮತ್ತೆ ನುಂಗುವವರೆಗೆ ಎಷ್ಟು ಸಲ ಅಗಿಯಿತೆಂದು ಅವರೇ ಎಣಿಸಲಿ. ಹಸುವಿನ ಜಠರಕ್ಕೆ ನಾಲ್ಕು ಭಾಗಗಳಿವೆ, ಮೊದಲನೆಯ ದೊಡ್ಡ ಭಾಗದಲ್ಲಿರುವ ಸೂಕ್ಷ್ಮಜೀವಿಗಳು ನಮಗೆ ಜೀರ್ಣವಾಗದ ಹುಲ್ಲಿನ ನಾರನ್ನು ಒಡೆಯುತ್ತವೆ ಎಂಬುದನ್ನು ಆಮೇಲೆ ಹೇಳಿದರೆ ತಲೆಗೆ ಹತ್ತುತ್ತದೆ. ವರ್ಕ್‌ಶೀಟ್ ಮಾತ್ರ ಹಂಚಬೇಡಿ. ಕೈಗೆ ಹಾಳೆ ಬಂದರೆ ಮಕ್ಕಳು ಹಸುವನ್ನು ಬಿಟ್ಟು ಹಾಳೆಯನ್ನೇ ನೋಡುತ್ತಾರೆ.

ಮಣ್ಣಿಗೆ ಹೆಚ್ಚು ಹೊತ್ತು ಕೊಡಿ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ರೈತರು ತೋರಿಸಿದ ಜಾಗದಲ್ಲಿ ಉದ್ದ, ಅಗಲ, ಆಳ 20 ಸೆಂಟಿಮೀಟರ್ ಇರುವಂತೆ ಮಣ್ಣು ಅಗೆದು ಹಾಳೆಯ ಮೇಲೆ ಹರಡಿ, ಎರೆಹುಳುಗಳನ್ನು ಎಣಿಸಿ. ಉತ್ತ ನೆಲದಲ್ಲೊಂದು, ಬೇಲಿಯ ನೆರಳಲ್ಲೊಂದು ಹೀಗೆ ಎರಡು ಕಡೆ ಎಣಿಸಿದರೆ ವ್ಯತ್ಯಾಸ ಏಕೆಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಹುಳುಗಳನ್ನು ಬಿಸಿಲಿಗೆ ಬಿಡದೆ ಬೇಗ ಗುಂಡಿಗೆ ಮರಳಿಸಿ, ಮಣ್ಣು ಮುಚ್ಚಿ. ದ್ವಿದಳ ಬೆಳೆಯಿದ್ದರೆ ರೈತರನ್ನು ಕೇಳಿ ಒಂದು ಗಿಡವನ್ನು ಅಗೆದು ತೆಗೆಸಿ. ಜಗ್ಗಿದರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಅಲ್ಲಿ ಕೆಲಸದಲ್ಲಿವೆ ಎಂದರ್ಥ.

ಗೊಬ್ಬರದ ರಾಶಿಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿ ನೋಡಬಹುದು. ಚೆನ್ನಾಗಿ ಕೊಳೆಯುತ್ತಿರುವ ದೊಡ್ಡ ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಕೈ ತೊಳೆಯದೆ ಬುತ್ತಿ ಬಿಚ್ಚುವಂತಿಲ್ಲ. ಆರೋಗ್ಯವಾಗಿ ಕಾಣುವ ದನದ ಸಗಣಿಯಲ್ಲೂ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿಗಳಿರಬಹುದು. ಸ್ಯಾನಿಟೈಸರ್ ಸಾಕೆಂದುಕೊಳ್ಳಬೇಡಿ: ಮಣ್ಣು ಮೆತ್ತಿದ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡದು, ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯನ್ನು ಕೊಲ್ಲುವುದೂ ಇಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲೇ ತೊಳೆಯಬೇಕು. ಊಟ ಕೊಟ್ಟಿಗೆಯಿಂದ ದೂರವಿರಲಿ. ಹಸಿ ಹಾಲನ್ನು ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಕಾಯಿಸದೆ ಕುಡಿಸಬೇಡಿ.

ಹೊರಡುವ ಮುನ್ನ ಕೇಳಿಕೊಂಡು ಹಿಡಿಯಷ್ಟು ಮಣ್ಣು ತನ್ನಿ. ಮರುದಿನ ತರಗತಿಯಲ್ಲಿ ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಗಟ್ಟಿಯಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಮರಳಿಗಿಂತ ನುಣ್ಣನೆಯ ಗೋಡು ಕೆಲವು ಗಂಟೆಗಳಲ್ಲಿ, ಜೇಡಿಗೆ ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಅದು ತಿಳಿಯಾಗುವಷ್ಟರಲ್ಲಿ ಮಕ್ಕಳು ರೈತರಿಗೆ ಪತ್ರ ಬರೆಯಲಿ, ಉತ್ತರ ಸಿಗದ ಪ್ರಶ್ನೆಗಳನ್ನೂ ಅದರಲ್ಲೇ ಕೇಳಲಿ. ಬೇರೆ ಋತುವಿನಲ್ಲಿ ಅದೇ ತಾಕಿಗೆ ಮತ್ತೆ ಬರಬಹುದೇ ಎಂದು ವಿಚಾರಿಸುವ ಸಾಲೂ ಆ ಪತ್ರದಲ್ಲಿರಲಿ.