ಕ್ವಿಟೊದಲ್ಲಿ ಎರಡು ರಾತ್ರಿ, ಒಂದು ಹಗಲು

ಗಲಾಪಗಸ್ ದ್ವೀಪಗಳಿಗೆ ಹೊರಟವರಲ್ಲಿ ಅನೇಕರು ವಿಮಾನ ಬದಲಿಸುವುದಕ್ಕಾಗಿ ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೊದಲ್ಲಿ ಒಂದೆರಡು ರಾತ್ರಿ ತಂಗುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ‘ಕೀತೊ’. ನಡುವೆ ಸಿಗುವ ಒಂದೇ ಹಗಲಿನಲ್ಲಿ ಹಳೆಯ ಊರು, ಭೂಮಧ್ಯರೇಖೆಯ ಸ್ಮಾರಕ, ಪಿಚಿಂಚಾ ಬೆಟ್ಟದ ಕೇಬಲ್ ಕಾರು ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಆಸೆ ಸಹಜವಾದರೂ, ಹಾಗೆ ಓಡಾಡಿದವರು ಸಂಜೆಗೆ ತಲೆನೋವು ಹೊತ್ತು ಮಲಗುವುದೇ ಹೆಚ್ಚು. ಆ ಹಗಲನ್ನು ಪೂರ್ತಿಯಾಗಿ ಹಳೆಯ ಊರಿಗೇ ಕೊಡಿ ಎಂಬುದು ನನ್ನ ದೃಢವಾದ ಸಲಹೆ.

ಕಾರಣ ಊರಿನ ಎತ್ತರ. ಕ್ವಿಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗಿಂತ ಅದು ಸುಮಾರು 900 ಮೀಟರ್ ಹೆಚ್ಚು. ಇಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಪ್ರತಿ ಉಸಿರಿನಲ್ಲಿ ದೇಹಕ್ಕೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಸುಮಾರು ಮುಕ್ಕಾಲು ಪಾಲಿಗಿಂತಲೂ ಸ್ವಲ್ಪ ಕಡಿಮೆ. ವಸತಿಗೃಹದ ಎರಡನೆಯ ಮಹಡಿಗೆ ಕೈಚೀಲ ಹಿಡಿದು ಮೆಟ್ಟಿಲು ಹತ್ತಿದ ನನಗೆ ಬಾಗಿಲ ಬೀಗ ತೆರೆಯುವ ಮುನ್ನ ಗೋಡೆಗೊರಗಿ ನಿಲ್ಲಬೇಕಾಯಿತು. ನಿತ್ಯ ನಡೆಯುವ ಅಭ್ಯಾಸವೇನೂ ಅಲ್ಲಿ ನೆರವಿಗೆ ಬರಲಿಲ್ಲ. ಮೊದಲ ರಾತ್ರಿ ಹಗುರವಾಗಿ ಉಂಡು, ನೀರು ಕುಡಿದು, ಮದ್ಯ ಮುಟ್ಟದೆ ಮಲಗುವುದು ಒಳಿತು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಕೇಬಲ್ ಕಾರು ಜನರನ್ನು 3,900 ಮೀಟರ್‌ಗೂ ಮೇಲಕ್ಕೆ ಒಯ್ಯುತ್ತದೆ. ಬಂದಿಳಿದ ಮರುದಿನವೇ ಅಲ್ಲಿಗೆ ಹೋಗುವುದು ಸರಿಯಲ್ಲ.

ಮನೆಯಿಂದ ಹೊರಡುವ ಮುನ್ನ ಮಾಡಬೇಕಾದ ಒಂದು ಕೆಲಸವನ್ನು ಮರೆಯುವವರು ಬಹಳ. ಭಾರತ ಸರ್ಕಾರದ ಪಟ್ಟಿಯಲ್ಲಿ ಈಕ್ವೆಡಾರ್ ಹಳದಿ ಜ್ವರದ ಅಪಾಯವಿರುವ ದೇಶವಾಗಿದೆ. ಆದ್ದರಿಂದ ಮರಳಿ ಬರುವಾಗ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ 10 ದಿನಗಳ ಬಳಿಕವಷ್ಟೇ ಆ ಪತ್ರ ಊರ್ಜಿತವಾಗುವುದರಿಂದ ಕೊನೆಯ ವಾರದವರೆಗೆ ಕಾಯಬೇಡಿ. ಹಣದ ವಿಚಾರ ಸುಲಭ: 2000ದಿಂದ ಈ ದೇಶದಲ್ಲಿ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್. ಆದರೆ 50 ಮತ್ತು 100 ಡಾಲರಿನ ನೋಟುಗಳನ್ನು ಸಣ್ಣ ಅಂಗಡಿಯವರು ಮುಟ್ಟುವುದಿಲ್ಲ; ಒಂದು, ಐದು, ಹತ್ತರ ನೋಟುಗಳನ್ನೇ ಇಟ್ಟುಕೊಳ್ಳಿ.

ವಿಮಾನನಿಲ್ದಾಣ ಊರಿನಿಂದ ಪೂರ್ವಕ್ಕೆ ತಬಬೇಲಾ ಎಂಬಲ್ಲಿದೆ. ಹಳೆಯ ಊರು ತಲುಪಲು ಕಾರಿನಲ್ಲಿ ಸುಮಾರು ಒಂದು ಗಂಟೆ ಬೇಕು. ವಾಹನಗಳ ದಟ್ಟಣೆ ಇದ್ದರೆ ಇನ್ನೂ ಹೆಚ್ಚು. 2023ರ ಡಿಸೆಂಬರಿನಲ್ಲಿ ಜನರಿಗೆ ತೆರೆದ ಮೆಟ್ರೊ ರೈಲು ವಿಮಾನನಿಲ್ದಾಣದವರೆಗೆ ಬರುವುದಿಲ್ಲ. ಊರೊಳಗೆ ಮಾತ್ರ ಅದು ಬಹಳ ಅನುಕೂಲ. ಹಳೆಯ ಊರಿನಲ್ಲಿ ಅದರ ನಿಲ್ದಾಣ ಒಂದೇ, ಸ್ಯಾನ್ ಫ್ರಾನ್ಸಿಸ್ಕೊ.

ಬೆಳಗ್ಗೆ ಅಲ್ಲಿಂದಲೇ ಆರಂಭಿಸಿ. ಭೂಮಧ್ಯರೇಖೆಗೆ ಇಷ್ಟು ಹತ್ತಿರವಾದ್ದರಿಂದ ವರ್ಷವಿಡೀ ಸುಮಾರು ಆರೂಕಾಲಕ್ಕೆ ಸೂರ್ಯ ಹುಟ್ಟುತ್ತಾನೆ, ಸಂಜೆಯೂ ಸರಿಸುಮಾರು ಅದೇ ಹೊತ್ತಿಗೆ ಮುಳುಗುತ್ತಾನೆ. ಮಳೆಗಾಲದ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಮೋಡ ಕವಿಯುವುದರಿಂದ ಬೆಳಗಿನ ಹೊತ್ತೇ ಅಮೂಲ್ಯ. ಚಳಿಯೆಂದು ಸ್ವೆಟರ್ ತೊಟ್ಟು ಹೊರಟರೂ ಟೋಪಿ ಮರೆಯಬೇಡಿ, ಏಕೆಂದರೆ ಈ ಎತ್ತರದ ಬಿಸಿಲು ಅರ್ಧ ಗಂಟೆಯಲ್ಲೇ ಮೂಗು ಸುಡುತ್ತದೆ. ಸ್ಪೇನಿನವರು 1534ರಲ್ಲಿ ಇಲ್ಲಿ ತಮ್ಮ ನಗರವನ್ನು ಸ್ಥಾಪಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಮಠದ ಕೆಲಸ ಅದರ ಬೆನ್ನಿಗೇ ತೊಡಗಿತು. ಮಠದ ಇಗರ್ಜಿಯ ಮುಖ್ಯ ಬಲಿಪೀಠದಲ್ಲಿ ಬೆರ್ನಾರ್ದೊ ದೆ ಲೆಗಾರ್ದಾ 1734ರಲ್ಲಿ ಕೆತ್ತಿದ, ಯೇಸುವಿನ ತಾಯಿ ಮರಿಯಮ್ಮನ ಮರದ ಮೂರ್ತಿಯಿದೆ. ಅವಳಿಗೆ ರೆಕ್ಕೆಗಳಿವೆ, ಕಾಲಡಿಯಲ್ಲಿ ಸರ್ಪವಿದೆ, ಮೈಯಲ್ಲಿ ಕುಣಿತದ ಬಳುಕು ಇದೆ. ಪೀಠದ ಮುಂದೆ ಸ್ವಲ್ಪ ಹೊತ್ತು ಕುಳಿತು ಆ ಬಳುಕನ್ನು ನೋಡಿ. ಆಮೇಲೆ ಹೊರಬಂದು ದಕ್ಷಿಣಕ್ಕೆ ಕಣ್ಣೆತ್ತಿದರೆ ಪನೆಸಿಯೊ ಗುಡ್ಡದ ತುದಿಯಲ್ಲಿ ಅದೇ ಭಂಗಿ ಅಲ್ಯೂಮಿನಿಯಂ ಹೊದ್ದು ಊರಿನ ಮೇಲೆ ನಿಂತಿರುವುದು ಕಾಣುತ್ತದೆ. ಗುಡ್ಡಕ್ಕೆ ಹೋಗಲೇಬೇಕೆಂದರೆ ಟ್ಯಾಕ್ಸಿಯಲ್ಲಿ ಹೋಗಿ ಅದರಲ್ಲೇ ಮರಳಿ. ಮೆಟ್ಟಿಲ ದಾರಿಯಲ್ಲಿ ಕಳ್ಳತನದ ಭಯವಿದೆ.

ಮಠದ ಮುಂದಿನ ಚೌಕದಿಂದ ಕೆಲವೇ ಹೆಜ್ಜೆಗಳಲ್ಲಿ ಜೆಸ್ವಿತ ಪಂಗಡದ ಪಾದ್ರಿಗಳ ಲಾ ಕೊಂಪಾನ್ಯಿಯಾ ಇಗರ್ಜಿ ಸಿಗುತ್ತದೆ. 1605ರಲ್ಲಿ ಆರಂಭವಾದ ಇದರ ಕಟ್ಟುವಿಕೆ ಮುಗಿಯಲು 160 ವರ್ಷ ಹಿಡಿಯಿತು. ಹೊರಗೆ ಜ್ವಾಲಾಮುಖಿಯ ಬೂದು ಕಲ್ಲು, ಒಳಗೆ ಗೋಡೆಯಿಂದ ಮಾಳಿಗೆಯವರೆಗೆ ಚಿನ್ನದ ತಗಡಿನ ಹೊದಿಕೆ. ಟಿಕೆಟ್ ಕೊಂಡು ಒಂದೇ ಕಟ್ಟಡದ ಒಳಹೊಕ್ಕು ನೋಡುವಷ್ಟು ಮಾತ್ರ ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಹಳೆಯ ಊರಿನ ಮುಖ್ಯ ಚೌಕವಾದ ಪ್ಲಾಸಾ ಗ್ರಾಂದೆಯ ಬೆಂಚಿನ ಮೇಲೆ ದಣಿವಾರಿಸಿಕೊಳ್ಳಬಹುದು. ನಡುವಿನ ಸ್ತಂಭ 1809ರ ಆಗಸ್ಟ್ 10ರ ಸ್ವಾತಂತ್ರ್ಯದ ಕೂಗನ್ನು ನೆನಪಿಸುತ್ತದೆ. 1978ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮೊದಲ ಪಟ್ಟಿಯನ್ನು ಮಾಡಿದಾಗ ಅದರಲ್ಲಿದ್ದ 12 ತಾಣಗಳಲ್ಲಿ ಈ ಊರೂ ಒಂದು.

ಮರಳಿ ಪಶ್ಚಿಮಕ್ಕೆ, ಮಠದ ಆಚೆಗಿನ ಏರುದಾರಿಯಲ್ಲಿ ನಿಧಾನವಾಗಿ ನಡೆದರೆ ‘ಕೊಲಸಿಯೋನೆಸ್’ ಎಂಬ ಮಿಠಾಯಿ ಮಾಡುವ ಅಂಗಡಿಯ ಮುಂದೆ ನಿಲ್ಲುತ್ತೀರಿ. ಹಗ್ಗದಲ್ಲಿ ತೂಗುಬಿಟ್ಟ ದೊಡ್ಡ ಕಂಚಿನ ಬಾಣಲೆ, ಕೆಳಗೆ ಕೆಂಡ, ಬಾಣಲೆಯೊಳಗೆ ಕಡಲೆಕಾಯಿ ಬೀಜ. ಸಕ್ಕರೆ ಪಾಕವನ್ನು ಸ್ವಲ್ಪ ಸ್ವಲ್ಪವೇ ಎರೆಯುತ್ತ ಬಾಣಲೆಯನ್ನು ತೊಟ್ಟಿಲಿನಂತೆ ತೂಗಿದಾಗ ಪ್ರತಿ ಬೀಜದ ಮೇಲೂ ಬಿಳಿಯ ಗುಬುಟುಗಳು ಏಳುತ್ತವೆ. ಸಂಕ್ರಾಂತಿಗೆ ಮನೆಯಲ್ಲಿ ಕುಸುರೆಳ್ಳು ಮಾಡಿದ್ದನ್ನು ಕಂಡವರಿಗೆ ಆ ಕೈಚಳಕ ಅಪರಿಚಿತವೆನಿಸುವುದಿಲ್ಲ. ಒಂದು ಪೊಟ್ಟಣ ಕೊಂಡುಕೊಳ್ಳಿ, ಪ್ರಯಾಣದಲ್ಲಿ ಕೆಡುವುದಿಲ್ಲ.

ಊಟಕ್ಕೆ ಆಲೂಗಡ್ಡೆ, ಚೀಸು ಹಾಕಿ ಕುದಿಸಿ, ಮೇಲೆ ಬೆಣ್ಣೆಹಣ್ಣಿನ ಹೋಳಿಟ್ಟು ಕೊಡುವ ಲೋಕ್ರೊ ಎಂಬ ಗಟ್ಟಿ ಸಾರು ಹೊಟ್ಟೆಗೂ ಹಿತ, ಚಳಿಗೂ ಹಿತ. ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಪೋಯೊ’, ಅಂದರೆ ಮಾಂಸ ಬೇಡ, ಕೋಳಿ ಬೇಡ ಎಂದು ಹೇಳಿ, ಸಾರಿಗೆ ಮಾಂಸ ಬೇಯಿಸಿದ ನೀರು ಹಾಕಿದ್ದಾರೆಯೇ ಎಂದೂ ಕೇಳಬೇಕು. ಸಂಜೆ ಕಾಫಿಯ ಜೊತೆ ಉಮಿತಾ ತಿನ್ನಿ. ಹಸಿ ಮೆಕ್ಕೆಜೋಳವನ್ನು ರುಬ್ಬಿ ಅದರ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸಿದ್ದು ಅದು. ಮಡಿಕೆ ಬಿಡಿಸುವಾಗ ಏಳುವ ಪರಿಮಳ ಅರಿಶಿನ ಎಲೆಯ ಕಡುಬನ್ನು ನೆನಪಿಗೆ ತರುತ್ತದೆ. ಅದಕ್ಕೆ ಮೊಟ್ಟೆ ಹಾಕುವುದುಂಟು.

ಭೂಮಧ್ಯರೇಖೆಯ ಸ್ಮಾರಕ ಊರಿನಿಂದ ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಎಳೆದಿರುವ ಹಳದಿ ಗೆರೆಯಿಂದ ನಿಜವಾದ ರೇಖೆ ಸುಮಾರು 240 ಮೀಟರ್ ಆಚೆ ಹಾದುಹೋಗುತ್ತದೆ. ಇನ್ನೊಂದು ಪೂರ್ತಿ ದಿನ ಸಿಕ್ಕಿದರೆ ಮಾತ್ರ ಹೋಗಿ.

ಕತ್ತಲಾದ ಮೇಲೆ ಹಳೆಯ ಊರಿನ ಖಾಲಿ ಬೀದಿಗಳಲ್ಲಿ ನಡೆಯದೆ ವಸತಿಗೃಹದವರಿಂದ ಟ್ಯಾಕ್ಸಿ ಕರೆಸಿಕೊಳ್ಳಿ. ಮರುದಿನ ಗಲಾಪಗಸ್ ವಿಮಾನ ಹಿಡಿಯುವವರು ಸಾಮಾನು ಒಪ್ಪಿಸುವ ಮೊದಲು ದ್ವೀಪಕ್ಕೆ ಹೋಗಲು ಬೇಕಾದ ಪರವಾನಗಿ ಚೀಟಿಯನ್ನು ಪಡೆದು, ಬೀಜ, ಹಣ್ಣು, ಗಿಡಗಳೇನಾದರೂ ಇವೆಯೇ ಎಂದು ನೋಡುವ ಜೈವಿಕ ಸುರಕ್ಷತೆಯ ತಪಾಸಣೆಯನ್ನೂ ದಾಟಬೇಕಾಗುತ್ತದೆ. ಆ ಎರಡು ಸಾಲುಗಳಲ್ಲಿ ನಿಲ್ಲಲು ಒಂದು ಗಂಟೆಯನ್ನು, ತಬಬೇಲಾದ ದಾರಿಗೆ ಒಂದೂವರೆ ಗಂಟೆಯನ್ನು ಲೆಕ್ಕಕ್ಕೆ ಹಿಡಿದು ವಸತಿಗೃಹವನ್ನು ಬಿಡಿ.